ಬ್ರಿಜ್ ಆಟದಲ್ಲಿ ಎದುರು ಪಾರ್ಟಿ ಸ್ಲ್ಯಾಮ್ ಕರೆದ್ರೆ ಮೊದಲ ಎಲೆ ಯಾವುದು ಹಾಕ್ಬೇಕು?

ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆ ಇಸ್ಪೀಟಿನ ಇಪ್ಪತ್ತೆಂಟು ಆಡಿ ಬೆಳೆದವರಿಗೆ ಬ್ರಿಜ್ ಕಲಿಯುದು ದೊಡ್ಡ ಕಷ್ಟ ಇಲ್ಲ, ತುರುಪು ಗೊತ್ತುಂಟು, ಎದುರು ಕೂತ ಪಾರ್ಟ್ನರ್ ಗೊತ್ತುಂಟು, ಕರೆಯುದೂ ಗೊತ್ತುಂಟು, ಗುಲಾಮನೇ ದೊಡ್ಡದು ಅನ್ನುದನ್ನು ಮಾತ್ರ ಬಿಟ್ಟು ಎಕ್ಕ, ರಾಜ, ರಾಣಿ, ಗುಲಾಮ ಅಂತ ಲೆಕ್ಕ ಇಟ್ಕೊಂಡ್ರೆ ಆಯ್ತು. ಆದ್ರೆ ಎದುರು ಪಾರ್ಟಿ ಆರು ಸ್ಪೇಡ್, ಅಂದ್ರೆ ಸ್ಲ್ಯಾಮ್, ಕರೆದ ಕೂಡ್ಲೆ ಹೆಚ್ಚಿನವರು ಆಟ ಮುಗೀತು ಅಂತ ಕೈಗೆ ಸಿಕ್ಕಿದ ಎಲೆ ಹಾಕಿಬಿಡ್ತಾರೆ. ಹಾಗೆ ಮಾಡ್ಬೇಡಿ. ಅವರಿಗೆ 13ರಲ್ಲಿ 12 ಟ್ರಿಕ್ (ನಾಲ್ಕು ಎಲೆಯ ಒಂದು ಸುತ್ತು) ಬೇಕು, ನಮಗೆ 2 ಸಿಕ್ಕಿದ್ರೆ ಸಾಕು, ಅವರ 500 ಬೋನಸ್, ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರುವ ಸ್ಥಿತಿ) ಆಗಿದ್ರೆ 750, ಅಲ್ಲಿಗೇ ಹೋಯ್ತು.

ಮೊದಲು ಬಿಡ್ಡಿಂಗ್ (ಕರೆಯುದು) ಸರಿ ಕೇಳಿ. ಡಮ್ಮಿ (ಎಲೆ ಎಲ್ಲ ಮೇಜಿನ ಮೇಲೆ ತೆರೆದಿಡುವ ಪಾರ್ಟ್ನರ್) ಆಗುವವ ಬೇರೆ ಒಂದು ಉದ್ದ ಬಣ್ಣ ಕರೆದಿದ್ದಾನಾ? ಕರೆದಿದ್ರೆ ಡಿಕ್ಲೇರರ್ (ಅವರ ಎರಡೂ ಕೈ ಆಡುವವ) ತನ್ನ ಸೋಲುವ ಎಲೆಗಳನ್ನೆಲ್ಲ ಅದರ ಮೇಲೆ ಬಿಸಾಡ್ತಾನೆ, ಹಾಗಾಗಿ ನಮಗೆ ಟೈಮ್ ಇಲ್ಲ, ಕೂಡ್ಲೆ ನಮ್ಮ ಟ್ರಿಕ್ ತಯಾರು ಮಾಡ್ಬೇಕು.

ಒಂದು ಕೈ ನೋಡುವ. ದಕ್ಷಿಣದವ ಒಂದು ಸ್ಪೇಡ್, ಉತ್ತರದವ ಎರಡು ಡೈಮಂಡ್, ಮತ್ತೆ ಇಬ್ಬರೂ ಸ್ಪೇಡಿಗೇ ಒಪ್ಪಿ ಬ್ಲ್ಯಾಕ್‌ವುಡ್ (ಪಾರ್ಟ್ನರ್ ಹತ್ರ ಎಕ್ಕ ಎಷ್ಟುಂಟು ಅಂತ ಕೇಳುವ ಕರೆ) ಕೇಳಿದಾಗ ಸಿಕ್ಕಿದ ಜವಾಬು ಐದು ಡೈಮಂಡ್, ಅಂದ್ರೆ ಒಂದು ಎಕ್ಕ, ಕೊನೆಗೆ ಆರು ಸ್ಪೇಡ್. ನೀವು ಪಶ್ಚಿಮ: ಸ್ಪೇಡ್ 7 4, ಹಾರ್ಟ್ ರಾಜ 10 7 3, ಡೈಮಂಡ್ 6 5 2, ಕ್ಲಬ್ ರಾಣಿ ಗುಲಾಮ 10 4. ಕ್ಲಬ್ ರಾಣಿ ಹಾಕುವ ಅಂತ ಕೈ ಹೋಗ್ತದೆ ಅಲ್ವಾ? ಅದು ಹಾಕಿದ್ರೆ ಸ್ಲ್ಯಾಮ್ ಆಯ್ತು. ಡಮ್ಮಿಯಲ್ಲಿ ಡೈಮಂಡ್ ರಾಜ ರಾಣಿ ಗುಲಾಮ 10 9 ಉಂಟು, ಡೈಮಂಡ್ ಎಕ್ಕ ನಿಮ್ಮ ಪಾರ್ಟ್ನರ್ ಹತ್ರ. ಡಿಕ್ಲೇರರ್ ತುರುಪು ಎಳೆದು, ಆ ಎಕ್ಕ ಹೊರಗೆ ಹಾಕಿಸಿ, ತನ್ನ ಹಾರ್ಟ್ ಎಕ್ಕ 5 4ರಲ್ಲಿ ಚಿಕ್ಕದು ಎರಡನ್ನೂ ಡೈಮಂಡ್ ಮೇಲೆ ಬಿಸಾಡ್ತಾನೆ. ಬದಲಿಗೆ ಹಾರ್ಟ್ 3 ಹಾಕಿ. ಪಾರ್ಟ್ನರ್ ಹತ್ರ ಹಾರ್ಟ್ ರಾಣಿ ಗುಲಾಮ ಉಂಟು, ಗುಲಾಮ ಹಾಕ್ತಾನೆ, ಡಿಕ್ಲೇರರ್ ಎಕ್ಕದಲ್ಲಿ ಗೆಲ್ತಾನೆ, ಆದ್ರೆ ಡೈಮಂಡ್ ಆಡಿದ ಕೂಡ್ಲೆ ಪಾರ್ಟ್ನರ್ ಎಕ್ಕ ಹೊಡೆದು ಹಾರ್ಟ್ ರಾಣಿ ಹಾಕ್ತಾನೆ, ಅವರು ಒಂದು ಡೌನ್, ಅಂದ್ರೆ ಒಂದು ಟ್ರಿಕ್ ಕಡಿಮೆ. ರಾಜನ ಕೆಳಗಿಂದ ಹಾಕ್ಲಿಕ್ಕೆ ಹೆದರಿಕೆ ಆಗುದು ಸಹಜ, ಆದ್ರೆ ಇಂಥ ಬಿಡ್ಡಿಂಗಿಗೆ ಅದೇ ಸರಿಯಾದ ಎಲೆ.

ಆರು ನೋ ಟ್ರಂಪಿಗೆ (ತುರುಪು ಇಲ್ಲದ ಕರೆ) ಮಾತ್ರ ಇದು ಉಲ್ಟಾ. ಅವರ ಹತ್ರ ಸಾಧಾರಣ 33 ಪಾಯಿಂಟ್ (ಎಕ್ಕ 4, ರಾಜ 3, ರಾಣಿ 2, ಗುಲಾಮ 1) ಇರ್ತದೆ, ಒಟ್ಟು 40, ನಿಮ್ಮ ಕೈಯಲ್ಲೇ 6 ಇದ್ರೆ ಪಾರ್ಟ್ನರ್ ಹತ್ರ ಹೆಚ್ಚು ಅಂದ್ರೆ ಒಂದು ಗುಲಾಮ. ರಾಣಿಯೇ ಇಲ್ಲದವನಿಂದ ಎಂತ ಸಹಾಯ ಬರ್ತದೆ? ಏನೂ ಬಿಟ್ಟುಕೊಡದ ಎಲೆ ಹಾಕಿ ಸುಮ್ಮನೆ ಕಾಯಿರಿ.

ಸ್ಲ್ಯಾಮಿಗೆ ಪಾರ್ಟ್ನರ್ ಸುಮ್ಮನೆ ಡಬಲ್ (ಸೋತ್ರೆ ದಂಡ ಹೆಚ್ಚಿಸುವ ಕರೆ) ಕೊಡುದಿಲ್ಲ. ಥಿಯೋಡರ್ ಲೈಟ್ನರ್ ಕಂಡುಹಿಡಿದ ಡಬಲ್ ಇದು, ಮಾಮೂಲಿ ಲೀಡ್ (ಮೊದಲ ಎಲೆ) ಬೇಡ ಅಂತ ಅರ್ಥ. ತುರುಪು ಹಾಕ್ಬೇಡಿ. ಹೆಚ್ಚಾಗಿ ಡಮ್ಮಿ ಮೊದಲು ಕರೆದ ಬಣ್ಣ ಹಾಕ್ಬೇಕು, ಪಾರ್ಟ್ನರ್ ಹತ್ರ ಆ ಬಣ್ಣ ಒಂದೂ ಇಲ್ಲದೆ ತುರುಪಿನಲ್ಲಿ ಕೊಯ್ಲಿಕ್ಕೆ ಕಾಯ್ತಿರ್ತಾನೆ.

ಕೊನೆಗೆ ಡಿಕ್ಲೇರರ್ ತುರುಪು ಒಂದರ ಹಿಂದೆ ಒಂದು ಹಾಕ್ತಾ ಹೋದಾಗ ಯಾವುದು ಬಿಸಾಡುದು ಅಂತ ತಲೆ ಕೆಡ್ತದೆ. ಡಮ್ಮಿಯಲ್ಲಿ ಕ್ಲಬ್ ನಾಲ್ಕು ಉಂಟಾ, ನೀವೂ ನಾಲ್ಕು ಇಟ್ಕೊಳ್ಳಿ, ಅದರಲ್ಲಿ ಒಂದು 8 ಇದ್ರೂ ಸಣ್ಣದು ಅಂತ ಬಿಸಾಡ್ಬೇಡಿ.