ಹಳೆಯ ಪತ್ರಿಕೆಯಿಂದ ತೊಗಟೆಯ ಉಬ್ಬುಚಿತ್ರ

ರದ್ದಿಗೆ ಹಾಕುವ ಪತ್ರಿಕೆಗಳನ್ನು ಚೂರುಗಳಾಗಿ ಹರಿದು, ರಾತ್ರಿಯಿಡೀ ನೆನೆಸಿ, ನೆನೆದ ಮೆಂತ್ಯದೊಂದಿಗೆ ತರಿತರಿಯಾಗಿ ರುಬ್ಬಬೇಕು; ಹಿಂದಿನವರು ಕಾಗದದ ಬುಟ್ಟಿಗಳಿಗೆ ಸೇರಿಸುತ್ತಿದ್ದ ಮೆಂತ್ಯವೇ ಇಲ್ಲಿಯೂ ಅಂಟಾಗುತ್ತದೆ. ಹೊಳಪಿನ ಕಾಗದ ಬೇಡ. ಪ್ರತಿ ಮರುಬಳಕೆಯಲ್ಲಿಯೂ ಕಾಗದದ ನಾರು ಗಿಡ್ಡವಾಗುತ್ತಾ ಹೋಗುವುದರಿಂದ, ಮಂಡ್ಯದ ಆಲೆಮನೆಗಳಲ್ಲಿ ಸಿಗುವ ಕಬ್ಬಿನ ಸಿಪ್ಪೆಯನ್ನು ಬೇಯಿಸಿ, ಜಜ್ಜಿ, ಒಂದು ಹಿಡಿ ಬೆರೆಸಿದರೆ ಮುದ್ದೆಗೆ ಹಿಡಿತ ಬರುತ್ತದೆ. ಉದುರಿದ ತೊಗಟೆಯ ಮೇಲೆ ತೆಳುವಾದ ಒದ್ದೆ ಬಟ್ಟೆ ಹಾಸಿ, ಮುದ್ದೆಯನ್ನು ಅರ್ಧ ಅಂಗುಲ ದಪ್ಪಕ್ಕೆ ಹರಡಿ, ಸೀಳುಗಳೊಳಗೆ ಇಳಿಯುವಂತೆ ಹೆಬ್ಬೆರಳಿನಿಂದ ಒತ್ತಬೇಕು (ನಿಂತ ಮರದ ತೊಗಟೆ ಕಿತ್ತು ಪರಿಸರ ಕಲೆ ಮಾಡುವುದು ವಿಪರ್ಯಾಸವೇ ಸರಿ). ಬೂದು ಮೈಯಲ್ಲಿ ಅಲ್ಲಲ್ಲಿ ಉಳಿದ ಅರ್ಧ ಅಕ್ಷರಗಳು ಮುಚ್ಚಿಹೋಗದಂತೆ ಬಣ್ಣವನ್ನು ಬಿಟ್ಟುಬಿಡುವುದೇ ಲೇಸು. ಬಿಸಿಲಿನಲ್ಲಿ ಅಂಚು ಸೊಟ್ಟಗಾಗುವುದರಿಂದ ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.