ಸೀಮೆಸುಣ್ಣದ ಬೆಟ್ಟ ಹತ್ತೋದು ಹೇಗೆ: ಲೂಯಿಸ್‌ನಿಂದ ಗ್ಲೈಂಡ್‌ವರೆಗೆ

ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯೋಕೆ ಇದ್ದದ್ದು ಸೀಮೆಸುಣ್ಣ. ಸೀಮೆಎಣ್ಣೆ, ಸೀಮೆಹಸು ಇದ್ದ ಹಾಗೆ, ಸೀಮೆಯಿಂದ, ಅಂದ್ರೆ ಹೊರದೇಶದಿಂದ, ಬಂದ ಸುಣ್ಣ. ಆ ಸುಣ್ಣದ್ದೇ ಬೆಟ್ಟ ನೋಡಬೇಕು ಅಂದ್ರೆ ಲಂಡನ್ನಿನ ವಿಕ್ಟೋರಿಯಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ಗಂಟೆಯ ಮೇಲೆ ಸ್ವಲ್ಪ ಹೊತ್ತು ಕೂತರೆ ಸಾಕು, ಲೂಯಿಸ್ ಬರುತ್ತದೆ. ಈಸ್ಟ್ ಸಸೆಕ್ಸ್‌ನ ಪುಟ್ಟ ಊರು. ಸುತ್ತಲೂ ಸೌತ್ ಡೌನ್ಸ್ ಬೆಟ್ಟಗಳು. ಹೆಸರಲ್ಲಿ ಡೌನ್ ಇದೆ ಅಂತ ಗಲಿಬಿಲಿ ಬೇಡ, ಹಳೆಯ ಇಂಗ್ಲಿಷಿನಲ್ಲಿ ಆ ಮಾತಿಗೆ ಬೆಟ್ಟ ಅಂತಲೇ ಅರ್ಥ.

ಕಾರು ಬೇಡ. ಲೂಯಿಸ್‌ನಲ್ಲಿ ಇಳಿದು, ಮೌಂಟ್ ಕೇಬರ್ನ್ ಹತ್ತಿ, ಆ ಕಡೆಯ ಗ್ಲೈಂಡ್ ಹಳ್ಳಿಗೆ ಇಳಿದು ಅಲ್ಲಿಂದ ರೈಲಲ್ಲಿ ವಾಪಸ್ ಬರುವುದು ನನಗೆ ತುಂಬಾ ಇಷ್ಟವಾದ ದಾರಿ. ಒಟ್ಟು 6–7 ಕಿಲೋಮೀಟರ್. ನಿಂತು ನೋಡ್ಕೊಂಡು ಹೋದರೆ ಮೂರು ಗಂಟೆ. ಕೇಬರ್ನ್ ಎತ್ತರ 146 ಮೀಟರ್ ಅಷ್ಟೇ. ಮುಳ್ಳಯ್ಯನಗಿರಿ ಹತ್ತಿದವರಿಗೆ ಇದೇನು ದೊಡ್ಡದು ಅನ್ನಿಸಬಹುದು, ಆದರೆ ಇಲ್ಲಿ ಎತ್ತರ ಮುಖ್ಯ ಅಲ್ಲ, ಕಾಲ ಕೆಳಗಿನ ನೆಲ ಮುಖ್ಯ. ನೀರು ಎಷ್ಟು ಒಯ್ಯಬೇಕು, ಯಾವ ಶೂ ಹಾಕಬೇಕು, ಯಾವ ತಿಂಗಳು ಹೋಗಬೇಕು ಅನ್ನೋದನ್ನೆಲ್ಲ ಆ ಸುಣ್ಣವೇ ಹೇಳಿಬಿಡುತ್ತದೆ.

ಮೊದಲು ನೀರು. ಸುಣ್ಣದ ಕಲ್ಲಿನಲ್ಲಿ ಸಣ್ಣ ಸಣ್ಣ ರಂಧ್ರ, ಬಿರುಕು. ಮಳೆ ಬಿದ್ದರೆ ನೀರು ಹರಿಯೋದಿಲ್ಲ, ಸೀದಾ ಒಳಗೆ ಇಳಿದುಹೋಗುತ್ತದೆ. ಆಮೇಲೆ ಬೆಟ್ಟದ ಬುಡದಲ್ಲಿ ಒರತೆಯಾಗಿ ಬರುತ್ತದೆ. ಹಾಗಾಗಿ ಮೇಲೆ ಒಂದು ತೊರೆಯೂ ಸಿಗಲ್ಲ. ಕುರಿಗಳಿಗೆ ಕುಡಿಯೋಕೆ ನೀರು ಬೇಕಲ್ವಾ, ಅದಕ್ಕೆ ಹಿಂದಿನವರು ಜೇಡಿಮಣ್ಣು ತುಳಿದು ಗಟ್ಟಿ ಮಾಡಿ ದುಂಡನೆಯ ಕುಂಟೆ ಕಟ್ಟಿದ್ದರು. ಡ್ಯೂ ಪಾಂಡ್ ಅಂತಾರೆ, ದಾರಿಯಲ್ಲೇ ಒಂದು ಸಿಗುತ್ತದೆ. ಅದು ದನಕುರಿಗೆ, ನಮಗಲ್ಲ. ಒಬ್ಬರಿಗೆ ಕನಿಷ್ಠ ಒಂದೂವರೆ ಲೀಟರ್ ನೀರು ಹಿಡ್ಕೊಳ್ಳಿ. ಬೇಸಿಗೆಯಲ್ಲಿ ಟೋಪಿಯೂ ಬೇಕು, ಮೇಲೆ ನೆರಳೇ ಇಲ್ಲ.

ಶೂ ವಿಷಯದಲ್ಲಿ ಮಾತ್ರ ಹಟ ಮಾಡಬೇಡಿ. ಒಣಗಿದಾಗ ಈ ದಾರಿ ಸಿಮೆಂಟಿನಷ್ಟು ಗಟ್ಟಿ. ಒದ್ದೆಯಾದರೆ ಸೋಪು. ಒಂದು ನವೆಂಬರ್‌ನಲ್ಲಿ, ಹಿಂದಿನ ರಾತ್ರಿ ಮಳೆ ಬಂದಿದ್ದರೂ, ಓಡೋ ಶೂ ಹಾಕ್ಕೊಂಡು ಹೋಗಿದ್ದೆ. ಇಳಿಜಾರಿನಲ್ಲಿ ಕಾಲು ಜಾರಿ ಕೈ ಊರಿದ್ದು ಚಕಮಕಿ ಕಲ್ಲಿನ ಮೇಲೆ. ಸುಣ್ಣದ ನಡುವೆ ಈ ಕಲ್ಲು ಎಲ್ಲ ಕಡೆ ಇರುತ್ತದೆ, ಒಡೆದ ಅಂಚು ಗಾಜಿನಷ್ಟು ಹರಿತ. ಅಂಗೈ ಕುಯ್ದು ಮಣಿಕಟ್ಟು ಎರಡು ವಾರ ಊದಿತ್ತು. ಅಡಿಯಲ್ಲಿ ಆಳವಾದ ಹಲ್ಲಿರುವ ಶೂ ಹಾಕಿ. ಇಳಿಯುವಾಗ ಬಿಳಿ ದಾರಿ ಬಿಟ್ಟು ಪಕ್ಕದ ಹುಲ್ಲಿನಂಚಲ್ಲಿ ಹೆಜ್ಜೆ ಇಡಿ. ಸಾಧ್ಯವಾದರೆ ಜೋರು ಮಳೆಯಾದ ಮರುದಿನ ಹೋಗಲೇಬೇಡಿ.

ಇನ್ನು ದಾರಿ. ಸ್ಟೇಷನ್ನಿನಿಂದ ಹೈ ಸ್ಟ್ರೀಟ್‌ಗೆ ಹತ್ತಿ ಬಲಕ್ಕೆ ತಿರುಗಿ. ಇಳಿಜಾರು ಇಳಿದರೆ ಊಸ್ ನದಿ. ಸೇತುವೆ ದಾಟಿ ಕ್ಲಿಫ್ ಹೈ ಸ್ಟ್ರೀಟ್ ಮುಗಿಯೋವರೆಗೂ ನೇರ ನಡೆಯಿರಿ. ಎದುರಿಗೆ ಸುಣ್ಣದ ಗೋಡೆಯ ಹಾಗೆ ಕಡಿದಾದ ಗುಡ್ಡ. 1836ರ ಡಿಸೆಂಬರ್ 27ರಂದು ಈ ಗುಡ್ಡದ ಮೇಲೆ ಗುಡ್ಡೆ ಬಿದ್ದಿದ್ದ ಹಿಮ ಕುಸಿದು ಕೆಳಗಿದ್ದ ಮನೆಗಳನ್ನು ಮುಚ್ಚಿ 8 ಜನರನ್ನು ಕೊಂದಿತು. ಬ್ರಿಟನ್ನಿನಲ್ಲಿ ಹಿಮಕುಸಿತಕ್ಕೆ ಅಷ್ಟು ಜನ ಸತ್ತದ್ದು ಬೇರೆಲ್ಲೂ ಇಲ್ಲ. ಇಷ್ಟು ಸಣ್ಣ ಬೆಟ್ಟದಲ್ಲೂ ಹವೆಯನ್ನು ಹಗುರವಾಗಿ ತಗೋಬಾರದು ಅಂತ ನಾನು ಹೇಳೋದು ಇದಕ್ಕೇ.

ರಸ್ತೆ ದಾಟಿದರೆ ಚಾಪೆಲ್ ಹಿಲ್. ಇಡೀ ದಿನದಲ್ಲಿ ಉಸಿರು ಕಟ್ಟಿಸೋ ಏರು ಅಂದ್ರೆ ಇದೊಂದು, ಕೊನೆಗೆ ಕೇಬರ್ನ್ ಏರು ಇನ್ನೊಂದು. ಮೇಲೆ ಗಾಲ್ಫ್ ಮೈದಾನ. ಅದರ ಪಕ್ಕದಲ್ಲೇ ಸಾರ್ವಜನಿಕ ಕಾಲುದಾರಿ ಇದೆ, ಧೈರ್ಯವಾಗಿ ಹೋಗಿ. ನಮ್ಮ ಕುದುರೆಮುಖದ ಹಾಗೆ ಮೊದಲೇ ಬುಕ್ ಮಾಡೋದು, ಪರ್ಮಿಟ್ ತೋರಿಸೋದು ಇಲ್ಲಿಲ್ಲ. ಜಮೀನು ಯಾರದ್ದೇ ಆದರೂ ಆ ದಾರಿಯಲ್ಲಿ ನಡೆಯೋ ಹಕ್ಕು ಎಲ್ಲರಿಗೂ ಇದೆ. ಹಳದಿ ಬಾಣ ಇದ್ದರೆ ನಡೆಯೋರಿಗೆ ಮಾತ್ರ, ನೀಲಿ ಬಾಣ ಇದ್ದರೆ ಕುದುರೆ, ಸೈಕಲ್ಲಿನವರೂ ಬರುತ್ತಾರೆ. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ, ತೆರೆದಿದ್ದರೆ ಹಾಗೇ ಬಿಡಿ. ಫೋನಿನಲ್ಲಿ ಮ್ಯಾಪ್ ಮೊದಲೇ ಇಳಿಸಿಕೊಳ್ಳಿ, ಜೊತೆಗೆ 4 ಸೆಂಟಿಮೀಟರಿಗೆ 1 ಕಿಲೋಮೀಟರ್ ಲೆಕ್ಕದ ಆರ್ಡ್ನೆನ್ಸ್ ಸರ್ವೆ (ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ) ಮ್ಯಾಪ್ ಒಂದು ಚೀಲದಲ್ಲಿರಲಿ. ಕಣಿವೆಯಲ್ಲಿ ಸಿಗ್ನಲ್ ನಂಬಬೇಡಿ.

ಗಾಲ್ಫ್ ಮೈದಾನ ದಾಟಿ ಆಕ್ಸ್‌ಟೆಡಲ್ ಬಾಟಮ್ ಅನ್ನೋ ಕಣಿವೆಗೆ ಇಳಿಯುತ್ತೀರಿ. ನಾನು ಹೇಳಿದ ಕುಂಟೆ ಇರೋದು ಇಲ್ಲೇ. ಇಲ್ಲಿ ದಯವಿಟ್ಟು ಕೂತ್ಕೊಳ್ಳಿ. ಮಂಡಿ ಊರಿ ಒಂದು ಗೇಣು ಹುಲ್ಲನ್ನು ನೋಡಿ. ದೂರದಿಂದ ಬರೀ ಹುಲ್ಲು, ಹತ್ತಿರದಿಂದ ಒಂದು ಎಲೆಯ ಹಾಗೆ ಇನ್ನೊಂದಿಲ್ಲ. ಒಳ್ಳೆಯ ಜಾಗದಲ್ಲಿ ಒಂದು ಚದರ ಮೀಟರಿನಲ್ಲಿ 40 ಬಗೆಯ ಗಿಡಗಳು ಇರುತ್ತವೆ. ಮಣ್ಣು ತೆಳು, ಸಾರ ಕಮ್ಮಿ, ಹಾಗಾಗಿ ಯಾವ ಗಿಡವೂ ಕೊಬ್ಬಿ ಉಳಿದವನ್ನು ತುಳಿಯೋಕೆ ಆಗಲ್ಲ. ಕುರಿಗಳು ಮೇಯ್ದು ಮೇಯ್ದು ಹುಲ್ಲನ್ನು ಗಿಡ್ಡವಾಗಿಯೇ ಇಡುತ್ತವೆ. ಮೇಯಿಸೋದು ನಿಲ್ಲಿಸಿದರೆ ಕೆಲವೇ ವರ್ಷದಲ್ಲಿ ಮುಳ್ಳುಪೊದೆ ಬಂದುಬಿಡುತ್ತದೆ. ಇರುವೆಗಳು ಕಟ್ಟಿದ ದಿಬ್ಬಗಳ ಮೇಲೆ ಕಾಡು ಥೈಮ್ ಅನ್ನೋ ಘಮಘಮ ಗಿಡ ಹಬ್ಬಿರುತ್ತದೆ. ಕೀಳಬೇಡಿ, ಬೆರಳಲ್ಲಿ ಸುಮ್ನೆ ಸವರಿ ಮೂಸಿ ನೋಡಿ. ಓಮದ ವಾಸನೆ! ಓಮಕ್ಕೆ ಘಾಟು ಕೊಡೋ ಥೈಮಾಲ್ ಇದರಲ್ಲೂ ಇದೆ.

ಅಮ್ಮ ಊರಿಂದ ಬಂದಿದ್ದಾಗ ಇಲ್ಲಿಗೆ ಕರ್ಕೊಂಡು ಬಂದಿದ್ದೆ. ದಾರಿಯಲ್ಲಿದ್ದ ಒಂದು ಬಿಳಿ ಚೂರನ್ನು ಎತ್ತಿ ಹೆಬ್ಬೆರಳಲ್ಲಿ ಉಜ್ಜಿ, "ಎಲೆಗೆ ಹಚ್ಚೋ ಸುಣ್ಣ ಇದ್ದಂಗೇ ಇದೆಯಲ್ಲೋ" ಅಂದರು. ಸಮುದ್ರದ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಚಿಪ್ಪು ಕೋಟ್ಯಂತರ ವರ್ಷ ತಳದಲ್ಲಿ ಕೂತು ಆದದ್ದಮ್ಮ ಇದು, ಡೈನೋಸಾರ್ ಇದ್ದ ಕಾಲದ್ದು ಅಂದೆ. ಅದನ್ನು ಮತ್ತೆ ಇದ್ದ ಜಾಗದಲ್ಲೇ ಇಟ್ಟರು.

ಚಿಟ್ಟೆ ನೋಡಬೇಕು ಅಂದ್ರೆ ತಿಂಗಳು ಗೊತ್ತಿರಬೇಕು. ಅಡೋನಿಸ್ ಬ್ಲೂ ಮೇ–ಜೂನ್‌ನಲ್ಲಿ ಒಂದು ಸಲ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸಲ ಹಾರುತ್ತದೆ. ಗಂಡು ಚಿಟ್ಟೆ ಹೊಳೆಯೋ ನೀಲಿ. ಅದರ ಹುಳು ಹಾರ್ಸ್‌ಶೂ ವೆಚ್ ಅನ್ನೋ ಹಳದಿ ಹೂವಿನ ಗಿಡ ಬಿಟ್ಟು ಬೇರೇನೂ ತಿನ್ನಲ್ಲ. ಇರುವೆಗಳು ಆ ಹುಳುವನ್ನು ಕಾಯುತ್ತವೆ, ಬದಲಿಗೆ ಅದು ಒಸರೋ ಸಿಹಿ ರಸ ಕುಡಿಯುತ್ತವೆ. ಆದ್ದರಿಂದ ದಾರಿ ಬಿಟ್ಟು ಇರುವೆ ದಿಬ್ಬ ತುಳಿಯಬೇಡಿ, ಮಕ್ಕಳಿಗೂ ಹೇಳಿ.

ಮಲೆನಾಡಿನವರಿಗೆ ಉಣುಗು ಏನು ಅಂತ ಹೇಳಬೇಕಾಗಿಲ್ಲ. ಇಲ್ಲೂ ಇದೆ, ಲೈಮ್ (Lyme) ಅನ್ನೋ ಸೋಂಕಿನ ಕಾಯಿಲೆ ತರುತ್ತದೆ. ಉದ್ದ ಪ್ಯಾಂಟ್ ಹಾಕಿ, ಕಾಲುಚೀಲದೊಳಗೆ ಸೇರಿಸಿ. ಮನೆಗೆ ಬಂದು ಮಂಡಿ ಹಿಂದೆ, ಕಂಕುಳು ನೋಡಿಕೊಳ್ಳಿ. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಮೇಲೆ ಎಳೆಯಿರಿ. ಮುಂದಿನ ವಾರಗಳಲ್ಲಿ ಕಚ್ಚಿದ ಕಡೆ ಕೆಂಪು ಹರಡಿಕೊಂಡರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ದನ ಇರೋ ಹೊಲದಲ್ಲಿ ಕರುವಿಗೂ ತಾಯಿಗೂ ನಡುವೆ ಹೋಗಬೇಡಿ, ದೂರದಿಂದ ಸುತ್ತು ಹಾಕಿ.

ಕಣಿವೆಯಿಂದ ಕೊನೆಯ ಏರು ಹತ್ತಿದರೆ ಕೇಬರ್ನ್ ತುದಿ. ಸುತ್ತಲೂ ಕಬ್ಬಿಣ ಯುಗದ ಕೋಟೆಯ ದಿಬ್ಬ, ಕಂದಕ. ಗಾಳಿ ಚೆನ್ನಾಗಿದ್ದರೆ ಪ್ಯಾರಾಗ್ಲೈಡರ್‌ಗಳು ತಲೆ ಮೇಲೇ ಹಾರುತ್ತಿರುತ್ತಾರೆ. ಒಂದು ಕಡೆ ಲೂಯಿಸ್ ಕೋಟೆ, ಇನ್ನೊಂದು ಕಡೆ ಫರ್ಲ್ ಬೀಕನ್ ಬೆಟ್ಟ, ದೂರದಲ್ಲಿ ಸಮುದ್ರ. ಬುತ್ತಿ ಬಿಚ್ಚೋದು ಕಂದಕದೊಳಗೆ, ಅಲ್ಲಿ ಗಾಳಿ ಕಮ್ಮಿ. ಚಿತ್ರಾನ್ನ ಒಳ್ಳೆಯದು. ನಿಂಬೆ ಸಿಪ್ಪೆ, ಕರಿಬೇವು ಸಹಿತ ಎಲ್ಲ ವಾಪಸ್ ಚೀಲಕ್ಕೆ.

ಇದು ಅಭ್ಯಾಸವಾದ ಮೇಲೆ ಫರ್ಲ್ ಬೀಕನ್ ಹತ್ತಿ. 217 ಮೀಟರ್. ಸೌಥೀಸ್ ಸ್ಟೇಷನ್ನಿನಲ್ಲಿ ಇಳಿದು, ವಿಂಚೆಸ್ಟರ್‌ನಿಂದ ಈಸ್ಟ್‌ಬರ್ನ್‌ವರೆಗೆ 160 ಕಿಲೋಮೀಟರ್ ಹೋಗೋ ಸೌತ್ ಡೌನ್ಸ್ ವೇ ಅನ್ನೋ ನಡಿಗೆ ದಾರಿ ಹಿಡಿದರೆ ಆಯಿತು. ಕಂಬಗಳ ಮೇಲೆ ಓಕ್ ಕಾಯಿಯ ಗುರುತು ಇರುತ್ತದೆ. ಫರ್ಲ್ ಹಳ್ಳಿ ಮೂಲಕ ಗ್ಲೈಂಡ್‌ಗೆ ಬಂದರೆ ಸುಮಾರು 11 ಕಿಲೋಮೀಟರ್.

ಈಗ ಮೊದಲಿನ ದಾರಿಗೇ ಬರೋಣ. ಕೇಬರ್ನ್‌ನಿಂದ ಪೂರ್ವಕ್ಕೆ ಇಳಿದರೆ ಗ್ಲೈಂಡ್. ಹಳ್ಳಿಯ ರಸ್ತೆ ಸಿಕ್ಕಾಗ ಬಲಕ್ಕೆ ತಿರುಗಿದರೆ ಸ್ಟೇಷನ್. ಲೂಯಿಸ್‌ಗೆ ಒಂದೇ ಸ್ಟಾಪು. ರೈಲಿನ ಹೊತ್ತು ಬೆಟ್ಟದ ತುದಿಯಲ್ಲೇ ನೋಡ್ಕೊಂಡು ಇಳಿಯಿರಿ, ತಪ್ಪಿದರೆ ತುಂಬ ಹೊತ್ತು ಕಾಯಬೇಕಾಗಬಹುದು. ಶೂ ಅದೇ ರಾತ್ರಿ ತೊಳೆದುಬಿಡಿ, ಸುಣ್ಣ ಒಣಗಿದರೆ ಹೊಲಿಗೆ ಸಂದಿಯಿಂದ ಬ್ರಷ್ಷಿಗೂ ಬರಲ್ಲ.