ಅಪ್ಪನ ಸೈಕಲ್ಲಿಗೆ ನಾನೇ ಮಾಡಿದ ಲೈಟು

ಸಾಗರದಿಂದ ಇಕ್ಕೇರಿ ಕಡೆ ಹೋಗೋ ರಸ್ತೇಲಿ ನಮ್ಮನೆ. ಕೆಲಸ ಪೇಟೇಲಿ, ವಾಪಸ್ ಹೊರಡೋ ಹೊತ್ತಿಗೆ ರಾತ್ರಿ ಎಂಟಾಗಿರತ್ತೆ. ಮಳೆಗಾಲದಲ್ಲಿ ಕರೆಂಟು ಇದ್ರೆ ಇದೆ ಇಲ್ಲಾಂದ್ರೆ ಇಲ್ಲ, ಮರದ ಅಡಿ ಎಮ್ಮೆ ಮಲಗಿದ್ರೆ ಹತ್ರ ಹೋಗೋ ತನಕ ಕಾಣಲ್ಲ. ಚಾರ್ಜ್ ಮಾಡೋ ಲೈಟು ಎರಡು ಸಲ ತಗೊಂಡೆ, ಎರಡಕ್ಕೂ ಜುಲೈ ಮುಗಿಯೋದ್ರೊಳಗೆ ನೀರು ಹೋಯ್ತು. ಆಗ ನೆನಪಾಗಿದ್ದು ಅಟ್ಟದ ಮೇಲಿದ್ದ ಅಪ್ಪನ ಡೈನಮೋ, ಟೈರಿಗೆ ಒರಗಿ ತಿರುಗ್ತಾ ಲೈಟಿಗೆ ಕರೆಂಟು ಕೊಡತ್ತಲ್ಲ ಅದು.

ಸೈಕಲ್ಲೂ ಅಪ್ಪಂದೇ. 28 ಇಂಚಿನ ಗಾಲಿ, ಕಂಬಿ ಬ್ರೇಕು, ಹಿಂದೆ 40 ಕಡ್ಡಿ ಮುಂದೆ 32 ಕಡ್ಡಿ. ಅಪ್ಪ ಹೇಳ್ತಿದ್ರು, ಅವರ ಕಾಲದಲ್ಲಿ ರಾತ್ರಿ ಲೈಟಿಲ್ದೆ ಸಿಕ್ಕಿಬಿದ್ರೆ ಪೊಲೀಸ್ನೋರು ಗಾಳಿ ತೆಗೆದು ಕಳಿಸ್ತಿದ್ರಂತೆ, ಅದಕ್ಕೇ ಡೈನಮೋ ಹಾಕ್ಸಿದ್ದು ಅಂತ. ಅದರ ಮೇಲೆ 6 ವೋಲ್ಟ್ 3 ವ್ಯಾಟ್ ಅಂತ ಇನ್ನೂ ಓದೋಕೆ ಬರತ್ತೆ. ಬಿಚ್ಚಿ ಸೀಮೆಎಣ್ಣೇಲಿ ತೊಳೆದು, ಮೇಲಿನ ಬುಷ್ಷಿಗೆ ಎರಡು ಹನಿ ಹೊಲಿಗೆ ಮಿಷನ್ ಎಣ್ಣೆ ಬಿಟ್ಟು ಕೈಯಲ್ಲಿ ತಿರುಗಿಸಿದ್ರೆ ಒಳಗೆ ಮ್ಯಾಗ್ನೆಟ್ಟು ಟಕ್ ಟಕ್ ಅಂತ ಎಳೀತಿತ್ತು, ಅಷ್ಟು ವರ್ಷ ಬಿದ್ದಿದ್ರೂ ಜೀವ ಇತ್ತು. ಅವತ್ತು ನನಗಾದ ಖುಷಿ ಹೇಳೋಕಾಗಲ್ಲ.

ಹಳೇ ಬಲ್ಬು ಬೇಡ ಅಂತ ಮೊದಲೇ ನಿರ್ಧಾರ ಮಾಡಿದ್ದೆ, 3 ವ್ಯಾಟ್ ಬಲ್ಬಿನ ಹಳದಿ ಬೆಳಕು ಮಳೇಲಿ ಏನೂ ಸಾಲಲ್ಲ. ಆದ್ರೆ ಡೈನಮೋದಿಂದ ಬರೋದು ಎಸಿ, ಅಂದ್ರೆ ಹಿಂದೆ ಮುಂದೆ ದಿಕ್ಕು ಬದಲಾಯಿಸ್ತಾ ಹರಿಯೋ ಕರೆಂಟು, ಎಲ್‌ಇಡಿಗೆ ಬೇಕಾಗಿದ್ದು ಡಿಸಿ, ಒಂದೇ ದಿಕ್ಕಿಗೆ ಹರಿಯೋದು. ಅದಕ್ಕೆ ಕರೆಂಟನ್ನ ಒಂದೇ ಕಡೆ ಬಿಡೋ ಡಯೋಡ್ ನಾಲ್ಕು ಸೇರಿಸಿ ಬ್ರಿಡ್ಜ್ ಮಾಡ್ಬೇಕು. ಸಾಧಾರಣ 4007 ಡಯೋಡ್ ಹಾಕಿದ್ರೆ ದಾರೀಲಿ ಎರಡು ಡಯೋಡ್ ದಾಟೋದ್ರೊಳಗೆ ಒಂದೂವರೆ ವೋಲ್ಟಿನಷ್ಟು ಅಲ್ಲೇ ಹೋಗತ್ತೆ, ಆರು ವೋಲ್ಟಲ್ಲಿ ಅದು ದೊಡ್ಡ ನಷ್ಟ. 5819 ಅಂತ ಶಾಟ್ಕಿ ಡಯೋಡ್ ಕೇಳಿ ತಗೊಳ್ಳಿ, ಅದರಲ್ಲಿ ಅರ್ಧ ನಷ್ಟ ಉಳಿಯತ್ತೆ. ಬಿಳಿ ಎಲ್‌ಇಡಿ ಒಂದಕ್ಕೆ ಮೂರು ವೋಲ್ಟ್ ಚಿಲ್ಲರೆ ಬೇಕು, ಈ ಡೈನಮೋ ಎಷ್ಟೇ ಜೋರಾಗಿ ಓಡಿದ್ರೂ ಹೆಚ್ಚುಕಮ್ಮಿ ಅರ್ಧ ಆಂಪಿಯರ್ ಹತ್ರಾನೇ ನಿಲ್ಲತ್ತೆ, ಹಾಗಾಗಿ 3 ವ್ಯಾಟಿನ ಎರಡು ಎಲ್‌ಇಡಿ ಒಂದರ ಹಿಂದೆ ಒಂದು ಜೋಡಿಸಿದ್ರೆ ಸರಿಯಾಗಿ ಕೂರತ್ತೆ, ಸುಟ್ಟೂ ಹೋಗಲ್ಲ. ಬಿಸಿ ಇಳಿಸೋಕೆ ಗುಜರಿ ಅಂಗಡೀಲಿ ಹಳೇ ಕಂಪ್ಯೂಟರಿನ ಅಲ್ಯೂಮಿನಿಯಂ ಹೀಟ್‌ಸಿಂಕ್ ಸಿಕ್ತು, ಗರಗಸದಲ್ಲಿ ಅರ್ಧ ಕೊಯ್ದು ಹಳೇ ಹೆಡ್‌ಲೈಟ್ ಡೂಮಿನ ಒಳಗೆ ಕೂರಿಸಿದೆ.

ಹಚ್ಚಿ ನೋಡಿದ್ರೆ ಬೆಳಕು ಮಂಕು, ಅದೂ ಪಟಪಟ ಹೊಡ್ಕೊಳ್ತಿದೆ, ಪೆಡ್ಲೂ ಭಾರ. ಮೂರು ರಾತ್ರಿ ತಲೆ ಕೆಡಿಸ್ಕೊಂಡೆ. ಡಯೋಡ್ ಒಂದೊಂದಾಗಿ ಬಿಚ್ಚಿ ಮೀಟರಲ್ಲಿ ನೋಡಿದೆ, ಎಲ್ಲಾ ಸರಿ ಇದೆ. ಕೊನೆಗೆ ಗೊತ್ತಾಯ್ತು. ಹಳೇ ಬಲ್ಬಿನ ಕಾಲದಲ್ಲಿ ಡೈನಮೋದಿಂದ ಒಂದೇ ವೈರು, ಇನ್ನೊಂದು ದಾರಿ ಸೈಕಲ್ಲಿನ ಬಾಡಿನೇ. ಆ ಅಭ್ಯಾಸದಲ್ಲಿ ನಾನು ಎಲ್‌ಇಡಿಯ ಮೈನಸ್ ವೈರನ್ನ ಡೂಮಿಗೆ ಬೆಸುಗೆ ಹಾಕಿಬಿಟ್ಟಿದ್ದೆ. ಡೈನಮೋದ ಒಂದು ತುದೀನೂ ಬಾಡಿಗೇ ಕೂತಿರತ್ತಲ್ಲ, ಹಾಗಾಗಿ ಬ್ರಿಡ್ಜಿನ ಒಂದು ಡಯೋಡಿನ ಎರಡೂ ತುದಿ ಕೂಡಿಬಿಡತ್ತೆ, ಕರೆಂಟು ಒಂದು ದಿಕ್ಕಿಗೆ ಹರಿಯುವಾಗ ಲೈಟಿಗೆ ಹೋಗತ್ತೆ, ಉಲ್ಟಾ ಹರಿಯುವಾಗ ಡೈನಮೋನೇ ಶಾರ್ಟ್ ಆಗತ್ತೆ. ಅದಕ್ಕೇ ಪಟಪಟ, ಅದಕ್ಕೇ ಮಂಕು. ಬ್ರಿಡ್ಜಿನಿಂದ ಮುಂದೆ ಇರೋ ಯಾವ ವೈರೂ ಬಾಡಿಗೆ ತಾಗಬಾರ್ದು. ಇದೊಂದು ಮಾತು ಯಾರಾದ್ರೂ ಮೊದಲೇ ಹೇಳಿದ್ರೆ ನನ್ನ ಮೂರು ರಾತ್ರಿ ಉಳೀತಿತ್ತು, ಅದಕ್ಕೇ ಬಿಡಿಸಿ ಬರೀತಿದೀನಿ. ಹಾಗೇ ಡೈನಮೋದಿಂದ ಎರಡು ವೈರೂ ಎಳೀರಿ, ಬಾಡಿ ನಂಬ್ಬೇಡಿ, ಯಾಕಂದ್ರೆ ಹ್ಯಾಂಡಲ್ ಕಡೆ ಹೋಗ್ಬೇಕಾದ್ರೆ ಕರೆಂಟು ಗ್ರೀಸಲ್ಲಿ ಮುಳುಗಿರೋ ಬಾಲ್ಸುಗಳನ್ನ ದಾಟಿ ಹೋಗ್ಬೇಕು.

ನಿಧಾನ ಹೋಗುವಾಗ ಮಿಣುಕೋದು ಕಮ್ಮಿ ಆಗ್ಲಿ ಅಂತ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೀನಿ, ಅದು ಸ್ವಲ್ಪ ಕರೆಂಟು ಹಿಡಿದಿಟ್ಟು ಬಿಡತ್ತೆ. 50 ವೋಲ್ಟಿಂದೇ ಹಾಕಿ. ಎಲ್‌ಇಡಿ ವೈರು ಎಲ್ಲಾದ್ರೂ ಕಿತ್ತು ಹೋದ್ರೆ ಇಳಿಜಾರಲ್ಲಿ ಡೈನಮೋದ ವೋಲ್ಟು ಎಲ್ಲೋ ಹೋಗತ್ತೆ, ಚಿಕ್ಕ ಕೆಪಾಸಿಟರ್ ಒಡೆದೇ ಹೋಗತ್ತೆ.

ಇಷ್ಟಾದ ಮೇಲೆ ಮಳೆ. ಟೈರಿನ ಪಕ್ಕ ಒದ್ದೆ ಆದ ಕೂಡ್ಲೇ ಡೈನಮೋದ ಗಾಲಿ ಜಾರತ್ತೆ, ಬೆಳಕು ಬೇಕಾದಾಗ್ಲೇ ಬೆಳಕಿಲ್ಲ. ಹಳೇ ಟ್ಯೂಬಿನ ಪಟ್ಟಿ ಸೊಲ್ಯೂಷನ್ ಹಾಕಿ ಸುತ್ತಿದೆ, ಒಂದು ವಾರಕ್ಕೆ ಬಿಚ್ಕೊಂಡು ಹೋಯ್ತು. ಆಮೇಲೆ ಬೈಕಿನ ಕಿಕ್ಕರ್ ರಬ್ಬರ್ ತಂದು ಒಂದು ತುಂಡು ಕೊಯ್ದು, ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ, ಸೋಪಿನ ನೀರು ಹಚ್ಚಿ ಗಾಲಿ ಮೇಲೆ ತಳ್ಳಿ ಕೂರಿಸಿದೆ. ಒಣಗಿದ ಮೇಲೆ ಗಟ್ಟಿ ಹಿಡ್ಕೊಂಡಿದೆ, ಈಗ ಎರಡನೇ ಮಳೆಗಾಲ. ಗಾಲಿ ದಪ್ಪ ಆಗಿದ್ದಕ್ಕೆ ಡೈನಮೋ ಸ್ವಲ್ಪ ನಿಧಾನ ತಿರುಗತ್ತೆ ನಿಜ, ಆದ್ರೆ ಜಾರಲ್ಲ. ಇನ್ನೊಂದು, ಡೈನಮೋ ಬಿಗಿಯೋವಾಗ ಅದರ ನಡು ಗೆರೆ ಎಳೆದ್ರೆ ಸೈಕಲ್ ಗಾಲಿಯ ಅಚ್ಚಿಗೇ ಹೋಗಿ ಮುಟ್ಟೋ ಹಾಗೆ ನೋಡ್ಕೊಳ್ಳಿ, ಓರೆ ಇದ್ರೆ ಟೈರಿನ ಪಕ್ಕ ಕೊರೆದು ಹಾಕತ್ತೆ.

ಡೈನಮೋ ಹಾಕಿ ಏರು ಹತ್ತೋದು ಕಷ್ಟ ಆಯ್ತು, ಅದಕ್ಕೆ ಫ್ರೀವೀಲ್, ಅಂದ್ರೆ ಹಿಂದಿನ ಗಾಲೀಲಿ ಚೈನು ಕೂರೋ ಹಲ್ಲಿನ ಚಕ್ರ, ಬದಲಾಯಿಸಿದೆ. ಮುಂದೆ 44 ಹಲ್ಲು, ಹಿಂದೆ 18 ಇತ್ತು, ಒಂದು ಸುತ್ತು ತುಳಿದ್ರೆ ಸುಮಾರು ಐದೂವರೆ ಮೀಟರ್ ಹೋಗ್ತಿತ್ತು. 22 ಹಲ್ಲಿಂದು ಹಾಕಿದ ಮೇಲೆ ನಾಲ್ಕೂವರೆ ಮೀಟರ್. ಸಪಾಟು ರಸ್ತೇಲಿ ನಿಧಾನ ಅನ್ಸತ್ತೆ, ನಮ್ಮೂರಲ್ಲಿ ಸಪಾಟು ಎಲ್ಲಿದೆ ಹೇಳಿ. ಹಳೇ ಫ್ರೀವೀಲ್ ಬಿಚ್ಚೋದೇ ದೊಡ್ಡ ಕೆಲಸ, ತುಳಿದಷ್ಟೂ ಬಿಗಿಯಾಗೋ ಥ್ರೆಡ್ ಅದು. ರಾತ್ರಿಯೆಲ್ಲಾ ಸೀಮೆಎಣ್ಣೆ ಬಿಟ್ಟು, ಬೆಳಗ್ಗೆ ವೆಲ್ಡಿಂಗ್ ಶಾಪಿನ ವೈಸಲ್ಲಿ ಫ್ರೀವೀಲ್ ಬಿಚ್ಚೋ ಪುಲ್ಲರ್ ಕಚ್ಚಿಸಿ, ಅದರ ಮೇಲೆ ಗಾಲಿ ಮಲಗಿಸಿ, ರಿಮ್ಮನ್ನೇ ಸ್ಟೇರಿಂಗ್ ತರ ಎರಡೂ ಕೈಲಿ ಹಿಡಿದು ಗಡಿಯಾರದ ಉಲ್ಟಾ ತಿರುಗಿಸಿದ್ರೆ ಒಂದು ಸಲ ಕಟ್ ಅಂತ ಸದ್ದು ಬಂದು ಬಿಟ್ಕೊಳ್ತು. ಚೈನಿಗೆ ಒಂದಿಂಚು ಸೇರಿಸ್ಬೇಕಾಯ್ತು, ಅಷ್ಟೇ.

ಬ್ರೇಕಿನ ವಿಷಯದಲ್ಲಿ ಮಾತ್ರ ಮನೇಲಿ ಮಾಡೋಕೆ ಹೋಗ್ಬೇಡಿ. ನಾನು ಹಳೇ ಟೈರು ಕೊಯ್ದು ಬ್ರೇಕ್ ರಬ್ಬರ್ ಮಾಡಿದ್ದೆ, ಒಣ ದಿನ ಹಿಡೀತು, ಒದ್ದೆ ಸ್ಟೀಲ್ ರಿಮ್ಮಿನ ಮೇಲೆ ಹಿಡೀಲೇ ಇಲ್ಲ, ಕಾಲು ನೆಲಕ್ಕೆ ಕೊಟ್ಟು ಬೇಲಿಗೆ ಹೋಗಿ ನಿಂತೆ. ಮಾರನೇ ದಿನವೇ ಅಂಗಡಿಯಿಂದ ಹೊಸ ರಬ್ಬರ್ ತಂದು ಹಾಕಿದೆ. ಬ್ರೇಕು, ಫೋರ್ಕು, ಹ್ಯಾಂಡಲ್, ಈ ಮೂರಕ್ಕೂ ದುಡ್ಡು ಕೊಟ್ಟು ಒಳ್ಳೇದೇ ತಗೊಳ್ಳಿ.

ಕೊನೇಲಿ ಮಾಡಿದ್ದು ಹಿಂದಿನ ಕೆಂಪು ಲೈಟು. ಡೈನಮೋ ಲೈಟು ಸೈಕಲ್ ನಿಂತ್ರೆ ಆರಿಹೋಗತ್ತೆ, ಹಿಂದೆ ಲಾರಿ ಬರ್ತಿರುವಾಗ ಅದು ಸರಿ ಅಲ್ಲ. ಅದಕ್ಕೆ ನಿಂತ ಮೇಲೂ ಉರಿಯೋಷ್ಟು ಕರೆಂಟು ಹಿಡಿದಿಡೋ 1 ಫ್ಯಾರಡ್, 5.5 ವೋಲ್ಟಿನ ಸೂಪರ್ ಕೆಪಾಸಿಟರ್, ಅದಕ್ಕೆ ಜಾಸ್ತಿ ವೋಲ್ಟ್ ಹೋಗದ ಹಾಗೆ 5.1 ವೋಲ್ಟಿನ ಝೀನರ್ ಡಯೋಡು, ಮುಂದೊಂದು ಡಯೋಡು, 100 ಓಮ್ ರೆಸಿಸ್ಟರು. ಕೆಂಪು ಎಲ್‌ಇಡಿಗೆ 470 ಓಮ್. ಎಲ್ಲಾ ಒಂದು ಮಾತ್ರೆ ಡಬ್ಬೀಲಿ ಹಾಕಿ ಮೇಣ ಕರಗಿಸಿ ಹುಯ್ದಿದೀನಿ, ನೀರು ಹೋಗೋಕೆ ಜಾಗಾನೇ ಇಲ್ಲ. ಸೈಕಲ್ ನಿಲ್ಲಿಸಿ, ದಣಪೆ ಸರಿಸಿ, ಅಂಗಳ ದಾಟಿ, ಕೊಟ್ಟಿಗೆಗೆ ಒರಗಿಸಿ, ಕೈಕಾಲು ತೊಳೆದು ತಿರುಗಿ ನೋಡಿದ್ರೆ ಇನ್ನೂ ಉರೀತಿರತ್ತೆ.